ಫರಸಿ ಕೋಣೆ, ವಾಲ್ವ್ ಆಂಪ್, ಮೂರು ಕೌದಿ

"ಬ್ಯಾಸಗ್ಯಾಗ ಇಷ್ಟು ಚುಚ್ಚತಿದ್ದಿಲ್ಲ ನೋಡು ತಮ್ಮಾ. ಈಗ ಪೇಟಿ ಎತ್ತಿದ್ರ ಸಾಕು, ಕಿವ್ಯಾಗ ದಬ್ಬಣ ಹಾಕಿದಂಗ ಆಗ್ತದ."

ತಮ್ಮ ವಾಲ್ವ್ ಆಂಪಿನ, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರಿನ, ದನಿಯ ಬಗ್ಗೆ ಕಾಕಾ ಮೊದಲ ದಿನವೇ ಹೇಳಿದ ಮಾತಿದು. ಉತ್ತರದ ಅರ್ಧ ಭಾಗ ಇದರಲ್ಲೇ ಇತ್ತು. ಕೇಳಿಸಿಕೊಂಡೆ, ತಲೆ ಆಡಿಸಿದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ. ಅದಕ್ಕೆ ತೆತ್ತದ್ದು ಒಂದೂವರೆ ತಿಂಗಳು.

ಕಾಕಾ ಅಂದರೆ ನಮ್ಮಪ್ಪನ ಚಿಕ್ಕಪ್ಪನ ಮಗ. ನೌಕರಿಯಿಂದ ನಿವೃತ್ತರಾಗಿ ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ತಮ್ಮ ಹಳೆಯ ಮನೆಯಲ್ಲಿದ್ದಾರೆ. ಸಂಜೆಯಾದರೆ ತತ್ವಪದ, ಭಜನೆ, ಖಯಾಲ್ ಗಾಯನ, ಅಂದರೆ ಪೇಟಿ (ಹಾರ್ಮೋನಿಯಂ), ತಾಳ, ತಬಲಾ, ಎತ್ತರದ ಕಂಠ. ನಾನು ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಮನೆತನದಲ್ಲಿ ಯಾರ ಟಿವಿ, ಮಿಕ್ಸರ್ ಕೆಟ್ಟರೂ ಕರೆ ನನಗೇ ಬರುತ್ತದೆ.

ಆಂಪ್ ಬೀದರಿನ ಹವ್ಯಾಸಿಯೊಬ್ಬರು ಕಟ್ಟಿಕೊಟ್ಟದ್ದು. ಪ್ರತಿ ಚಾನೆಲ್ಲಿಗೆ ಒಂದೊಂದು ಇಎಲ್34 ವಾಲ್ವ್, ಟ್ರಯೋಡ್ ಆಗಿ ಜೋಡಿಸಿದ್ದು, ಸಿಂಗಲ್ ಎಂಡೆಡ್, ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್ಲಿನ ಒಂದು ಪಾಲನ್ನು ತಿದ್ದಿಕೊಳ್ಳಲು ಹಿಂದಕ್ಕೆ ಕೊಡುವುದು) ಇಲ್ಲ. ಚಾನೆಲ್ಲಿಗೆ 5 ವ್ಯಾಟ್ ಬಂದರೆ ಹೆಚ್ಚು. ಸ್ಪೀಕರ್‌ಗಳೂ ಕೈಯಲ್ಲೇ ಮಾಡಿದವು: ಆರೂವರೆ ಇಂಚಿನ ವೂಫರ್, ಮೇಲೆ ಗುಮ್ಮಟದ ಟ್ವೀಟರ್, ನಡುವೆ ತಗ್ಗಿನ ಸ್ವರ ವೂಫರಿಗೆ, ಎತ್ತರದ್ದು ಟ್ವೀಟರಿಗೆ ಹಂಚುವ ಕ್ರಾಸ್‌ಓವರ್, ಹಿಂದೆ 8 ಓಮ್ ಎಂದು ಚೀಟಿ. ಸೋಲ್ಡರಿಂಗ್ ಅಚ್ಚುಕಟ್ಟು. ನಾಚಿಕೆ ಬಿಟ್ಟು ಹೇಳುವುದಾದರೆ ನನ್ನದಕ್ಕಿಂತ ಚಂದ.

ಕೋಣೆ 14 ಅಡಿಗೆ 11 ಅಡಿ, ಎತ್ತರ 10 ಅಡಿ. ನೆಲಕ್ಕೆ ಶಹಾಬಾದದ ಫರಸಿ, ಅಂದರೆ ಕಲ್ಲಿನ ಚಪ್ಪಡಿ. ಛತ್ತಿಗೂ ಗರ್ಡರಿನ ಮೇಲೆ ಹಾಸಿದ ಫರಸಿಯೇ. ಗೋಡೆಯೊಳಗಿನ ಕಪಾಟಿನ ಹಲಗೆಗಳೂ ಫರಸಿ. ಈ ಭಾಗದ ಹಳೆ ಮನೆಗಳು ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಒಂದು ಸೋಫಾ ಹಿಂದಿನ ಗೋಡೆಗೆ ಒತ್ತಿ ಕುಳಿತಿತ್ತು, ಅದರ ಮೇಲೆ ಕಾಕಾ.

ನಾನು ಹೋಗುವ ಹೊತ್ತಿಗೆ ಕಾಕಾ ತಮ್ಮ ಕೈಲಾದ ಔಷಧ ಮಾಡಿ ಮುಗಿಸಿದ್ದರು. ಹಳೆ ಯುರೋಪಿನ ಸ್ಟಾಕ್ ಎಂದು ಯಾರೋ ಹೇಳಿದ ಇಎಲ್34 ಜೋಡಿಗೆ 14 ಸಾವಿರ ಕೊಟ್ಟಿದ್ದರು. ಸ್ಪೀಕರಿನ ವೈರು ಹೆಬ್ಬೆರಳು ದಪ್ಪ ಆಗಿತ್ತು. ಹೊಸ ವಾಲ್ವ್ ಹಾಕಿದ ಎರಡು ದಿನ ಎಲ್ಲ ಸರಿ ಅನಿಸಿತಂತೆ, ಮೂರನೇ ದಿನ ಮತ್ತೆ ದಬ್ಬಣ. ಇದು ಎಲ್ಲರಿಗೂ ಆಗುವುದೇ. ರೊಕ್ಕ ಕೊಟ್ಟ ಕಿವಿ ಎರಡು ದಿನ ಸುಳ್ಳು ಹೇಳುತ್ತದೆ.

ನಾನು ಮಾಡಿದ್ದಾದರೂ ಏನು? ಅದೇ ದಾರಿಯಲ್ಲಿ ಇನ್ನಷ್ಟು ದೂರ ಹೋದೆ. ಆಂಪ್ ಬಿಚ್ಚಿದೆ. ಒಳಗೆ 380 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಕಾದು ಕೂತಿರುತ್ತದೆ. ರೆಸಿಸ್ಟರ್ ಹಚ್ಚಿ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಬೇಕು. ಕಪ್ಲಿಂಗ್ ಕೆಪಾಸಿಟರ್ ಮೂರು ಥರದವು ಬದಲಿಸಿದೆ. ಮುಂದಿನ ಸಣ್ಣ ವಾಲ್ವ್ ಇಸಿಸಿ83 ಬದಲಿಸಿದೆ. ಎಲ್ಲಾದರೂ ಕಿವಿಗೆ ನಿಲುಕದ ಎತ್ತರದಲ್ಲಿ ಆಸಿಲೇಷನ್ (ಆಂಪ್ ತಾನೇ ತಾನಾಗಿ ಕೂಗುವುದು) ನಡೆದಿದೆಯೋ ಎಂದು ಆಸಿಲೋಸ್ಕೋಪ್ ಹಚ್ಚಿ ಕೂತೆ. ಏನೂ ಇಲ್ಲ, ಸೈನ್ ವೇವ್ ಶುಭ್ರವಾಗಿತ್ತು.

ಒಂದು ದೋಷ ಮಾತ್ರ ಸಿಕ್ಕಿತು. ಪವರ್ ಟ್ರಾನ್ಸ್‌ಫಾರ್ಮರ್ 220 ವೋಲ್ಟಿಗೆ ಸುತ್ತಿದ್ದು. ರಾತ್ರಿ ಹತ್ತರ ಮೇಲೆ ಕಾಕಾನ ಮನೆಯ ಲೈನಿನಲ್ಲಿ 246 ವೋಲ್ಟ್. ಫಿಲಮೆಂಟಿಗೆ 6.3 ಇರಬೇಕಾದಲ್ಲಿ 7 ವೋಲ್ಟ್ ಹೋಗುತ್ತಿತ್ತು. 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಒಂದನ್ನು ಉಲ್ಟಾ ಫೇಸಿನಲ್ಲಿ ಸರಣಿಗೆ ಸೇರಿಸಿ ಅದನ್ನು ಇಳಿಸಿದೆ. 14 ಸಾವಿರದ ವಾಲ್ವಿನ ಆಯುಷ್ಯ ಉಳಿಯಿತು. ಚುಚ್ಚುವುದು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಆಗಸ್ಟಿನ ಒಂದು ರಾತ್ರಿ, ಮಳೆ ಬಿಟ್ಟಿತ್ತು, ಕರೆಂಟು ಇತ್ತು. ಬೇಸತ್ತು, "ಕಾಕಾ, ಎಲ್ಲಾ ಮಾಳಿಗಿ ಮ್ಯಾಲ ಒಯ್ಯೋಣ್ರಿ" ಅಂದೆ. ಯೋಚನೆ ಸರಳವಾದದ್ದು. ಆಂಪ್ ಎರಡು: ಇದೊಂದು ವಾಲ್ವಿನದು, ಇನ್ನೊಂದು ನನ್ನ ಹಳೆಯ ಟ್ರಾನ್ಸಿಸ್ಟರ್ ಆಂಪ್. ಜಾಗವೂ ಎರಡು: ಕೆಳಗಿನ ಕೋಣೆ, ಮೇಲಿನ ಬಯಲು. ಸ್ಪೀಕರ್ ಅವೇ, ಹಾಡು ಅದೇ. ನಾಲ್ಕು ಸಲ ಕೇಳುವುದು. ಪ್ರತಿ ಸಲ 400 ಹರ್ಟ್ಸ್ ಟೋನ್ ಹಚ್ಚಿ ಸ್ಪೀಕರಿನ ತುದಿಯಲ್ಲಿ ವೋಲ್ಟೇಜ್ ಸಮ ಮಾಡಿದೆ, ಯಾಕೆಂದರೆ ಒಂದು ಡೆಸಿಬೆಲ್ ಜೋರಾಗಿದ್ದುದೇ ಕಿವಿಗೆ ಒಳ್ಳೆಯದೆಂದು ಕಾಣುತ್ತದೆ. ಯಾವ ಆಂಪ್ ನಡೆದಿದೆ ಎಂದು ಕಾಕಾಗೆ ಹೇಳಲಿಲ್ಲ. ಅವರು ಬೆನ್ನು ಮಾಡಿ ಕೂತರು.

ಕೋಣೆಯಲ್ಲಿ ವಾಲ್ವ್: ಪೂರಾ ದಬ್ಬಣ. ಕೋಣೆಯಲ್ಲಿ ಟ್ರಾನ್ಸಿಸ್ಟರ್: "ಕಮ್ಮಿ ಆತು, ಆದ್ರ ಹಿಂದ ಏನೋ ಝಣಝಣ ಉಳೀತದ." ಮಾಳಿಗೆಯ ಮೇಲೆ ವಾಲ್ವ್: "ಚೂಪು ಅದ, ಖರೆ. ಆದ್ರ ನೋವು ಆಗವಲ್ದು." ಮಾಳಿಗೆಯ ಮೇಲೆ ಟ್ರಾನ್ಸಿಸ್ಟರ್: ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಇದು ಬ್ಯಾಡ ತಮ್ಮಾ, ಉಪ್ಪಿಲ್ಲದ ಬ್ಯಾಳಿ ಆಗ್ಯದ." ಪಕ್ಕದ ಮಾಳಿಗೆಯಿಂದ ಯಾರೋ ಆ ಭಜನೆ ಮತ್ತೊಮ್ಮೆ ಹಚ್ಚಿ ಅಂದರು, ಹಚ್ಚಿದೆವು.

ಅಲ್ಲಿಗೆ ಗೊತ್ತಾಯಿತು, ಕಳ್ಳ ಒಬ್ಬನಲ್ಲ. ಆಂಪ್ ಬದಲಿಸಿದರೆ ಅರ್ಧ ಹೋಗುತ್ತದೆ, ಕೋಣೆ ಬದಲಿಸಿದರೆ ಇನ್ನರ್ಧ. ನಾನು ಒಂದೂವರೆ ತಿಂಗಳು ಒಬ್ಬನನ್ನೇ ಹಿಡಿಯಲು ಓಡಾಡಿದ್ದೆ. ಹಿಡಿದ ವಾಲ್ವು, ಕೆಪಾಸಿಟರುಗಳು ಎರಡೂ ಗುಂಪಿಗೆ ಸೇರಿದವಲ್ಲ.

ಮೊದಲು ಆಂಪಿನ ಪಾಲು. ವಾಲ್ವ್ ಆಂಪಿನ ಸ್ಪೀಕರ್ ತುದಿಯಲ್ಲಿ ತನ್ನದೇ ಒಂದು ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇರುತ್ತದೆ. ಅದನ್ನು ಅಳೆಯಲು ಲೋಡ್ ತೆಗೆದು ನೋಡುವುದು ವಾಲ್ವ್ ಆಂಪಿನಲ್ಲಿ ಒಳ್ಳೆಯ ರೂಢಿಯಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಪಾಯ. ಅದಕ್ಕೆ 8 ಓಮ್ ಮತ್ತು 16 ಓಮ್, ಎರಡು ರೆಸಿಸ್ಟರ್ ಸರದಿಯಲ್ಲಿ ಹಚ್ಚಿದೆ. 8 ಓಮ್ ಇದ್ದಾಗ 2.00 ವೋಲ್ಟ್, 16 ಓಮ್ ಇದ್ದಾಗ 2.28. ವೋಲ್ಟೇಜಿನ ಏರಿಕೆಯನ್ನು ಕರೆಂಟಿನ ಇಳಿಕೆಯಿಂದ ಭಾಗಿಸಿದರೆ 2.6 ಓಮ್. ಡ್ಯಾಂಪಿಂಗ್ ಫ್ಯಾಕ್ಟರ್, ಅಂದರೆ ಸ್ಪೀಕರಿನ 8 ಓಮನ್ನು ಇದರಿಂದ ಭಾಗಿಸಿದ್ದು, ಬರೀ ಮೂರು. ಇದು ಬೀದರಿನವರ ತಪ್ಪಲ್ಲ. ಫೀಡ್‌ಬ್ಯಾಕ್ ಇಲ್ಲದ ಈ ಜಾತಿಯ ಆಂಪಿನಲ್ಲಿ ಇಷ್ಟೇ ಬರುವುದು. ಟ್ರಾನ್ಸಿಸ್ಟರ್ ಆಂಪಿನಲ್ಲಿ ಇದು ಸಾಮಾನ್ಯವಾಗಿ 0.1 ಓಮಿಗಿಂತ ಕಡಿಮೆ.

ಈ 2.6 ಓಮ್ ತಾನಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ, ಸ್ಪೀಕರ್ ಎಲ್ಲ ಸ್ವರಕ್ಕೂ ನಿಜವಾಗಿ 8 ಓಮ್ ಇದ್ದಿದ್ದರೆ. ಅದು ಎಲ್ಲೂ ಹಾಗಿರುವುದಿಲ್ಲ. ಸಿಗ್ನಲ್ ಜನರೇಟರಿನಿಂದ ಒಂದು ಕಿಲೋ ಓಮ್ ಮೂಲಕ ಟೋನ್ ಬಿಟ್ಟು ಸ್ಪೀಕರನ್ನು 20 ಹರ್ಟ್ಸಿನಿಂದ ಮೇಲಕ್ಕೆ ಅಳೆದೆ. ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ಮೊದಲ ಸಲ ಅಳೆದದ್ದು ಜೇಬಿನ ಮಲ್ಟಿಮೀಟರಿನಲ್ಲಿ. 10 ಓಮ್ ರೆಸಿಸ್ಟರ್ ಇಟ್ಟು ಅದನ್ನು ಹೊಂದಿಸಿದ್ದು 50 ಹರ್ಟ್ಸಿನಲ್ಲಿ. ಅಗ್ಗದ ಮೀಟರಿನ ಎಸಿ ಅಳತೆ ಕೆಲವು ನೂರು ಹರ್ಟ್ಸ್ ದಾಟಿದರೆ ಕುಂಟುತ್ತದೆ. 2200 ಹರ್ಟ್ಸಿನಲ್ಲಿ ಅದು 11 ಓಮ್ ಅಂದಿತು. ಆಸಿಲೋಸ್ಕೋಪ್ ತಂದು ನೋಡಿದರೆ 20! ನಡು ಭಾಗದಲ್ಲಿ, 200 ಹರ್ಟ್ಸ್ ಹತ್ತಿರ, ಬರೀ 6.

ಕ್ರಾಸ್‌ಓವರ್ ಇರುವ ಜಾಗದಲ್ಲಿ ಹೀಗಾಗುವುದು ಸಹಜ. ವೂಫರಿಗೆ ಸೇರಿಸಿದ ಕಾಯಿಲ್ ಅಷ್ಟೊತ್ತಿಗೆ ಏರಿರುತ್ತದೆ, ಟ್ವೀಟರಿನ ಕೆಪಾಸಿಟರ್ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಈಗ ಲೆಕ್ಕ ನೋಡಿ. 6 ಓಮ್ ಇರುವಲ್ಲಿ ಆಂಪಿನ ವೋಲ್ಟೇಜಿನ ನೂರಕ್ಕೆ 70 ಪಾಲು ಸ್ಪೀಕರಿಗೆ ಸಿಗುತ್ತದೆ. 20 ಓಮ್ ಇರುವಲ್ಲಿ ನೂರಕ್ಕೆ 88. ವ್ಯತ್ಯಾಸ ಎರಡು ಡೆಸಿಬೆಲ್. ಎರಡು ಡೆಸಿಬೆಲ್ ಅಂದರೆ ಏನು ಮಹಾ ಅನ್ನಬಹುದು. ಎಲ್ಲಿ ಎದ್ದಿದೆ ಅನ್ನುವುದು ಮುಖ್ಯ. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್, ಒಂದು ಕಡೆ ಮುಚ್ಚಿದ ಕೊಳವೆ, ಅದರ ಸ್ವಂತ ಅನುರಣನವೇ 3000 ಹರ್ಟ್ಸಿನ ಆಸುಪಾಸು. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಸಮಗಟ್ಟಿತನದ ರೇಖೆಗಳೂ (ಬೇರೆ ಬೇರೆ ಸ್ವರ ಒಂದೇ ಜೋರಾಗಿ ಕೇಳಲು ಎಷ್ಟೆಷ್ಟು ಸದ್ದು ಬೇಕೆಂದು ತೋರಿಸುವವು) ಅಲ್ಲಿಯೇ ತಗ್ಗುತ್ತವೆ, ಅಂದರೆ ಅಲ್ಲಿ ಕಿವಿ ಅತಿ ಚುರುಕು. ಕೂಸು ಅಳುವುದು ಎಷ್ಟೇ ಗದ್ದಲದಲ್ಲೂ ತಾಯಿಗೆ ಕೇಳುವುದು ಇದೇ ಬಾಗಿಲಿನಿಂದ. ಪೇಟಿಯ ರೀಡಿನ ಉಪಸ್ವರಗಳೂ ಇದೇ ಬಾಗಿಲು ತಟ್ಟುತ್ತವೆ.

ಪರಿಹಾರ ಎರಡು ಇದ್ದವು. ಆಂಪಿಗೆ ಫೀಡ್‌ಬ್ಯಾಕ್ ಹಾಕಿ 2.6 ಓಮನ್ನು ಇಳಿಸುವುದು ಒಂದು. ಫೋನಿನಲ್ಲಿ ಬೀದರಿನವರು "ನನ್ನ ಆಂಪಿಗಿ ಕೈ ಹಚ್ಚಬ್ಯಾಡ್ರಿ ಸರ್" ಎಂದು ನಯವಾಗಿಯೇ ಹೇಳಿದರು. ಕಾಕಾಗೂ ವಾಲ್ವಿನ ಆ ಸಡಿಲತನವೇ ಪ್ರೀತಿ. ಹಾಗಾಗಿ ಎರಡನೆಯದು: ಸ್ಪೀಕರಿನ ಹಿಂದೆ, ಎರಡು ತುದಿಗಳಿಗೆ ಅಡ್ಡಲಾಗಿ, ಒಂದು ಕಾಯಿಲ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಸರಣಿಯಲ್ಲಿ. 0.5 ಮಿಲಿಹೆನ್ರಿ, 10 ಮೈಕ್ರೋಫ್ಯಾರಡ್, 8.2 ಓಮ್. ಮೊದಲ ಎರಡೂ ಸೇರಿ 2250 ಹರ್ಟ್ಸಿನಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಅಲ್ಲಿ ರೆಸಿಸ್ಟರ್ ಒಂದೇ ಉಳಿದು, ಸ್ಪೀಕರಿನ 20 ಓಮಿಗೆ ಪಕ್ಕದಲ್ಲಿ ನಿಂತು, ಒಟ್ಟು 6ಕ್ಕೆ ಇಳಿಸುತ್ತದೆ. ಅಲ್ಲಿಂದ ದೂರದ ಸ್ವರಗಳಿಗೆ ಅದು ಹೆಚ್ಚುಕಡಿಮೆ ಇಲ್ಲದಂತೆಯೇ. ಸ್ಪೀಕರಿನ ದನಿಯನ್ನು ಇದು ಮುಟ್ಟುವುದಿಲ್ಲ, ಆಂಪಿನ ಕಣ್ಣಿಗೆ ಸ್ಪೀಕರನ್ನು ಸಪಾಟಾಗಿ ಕಾಣಿಸುತ್ತದೆ, ಅಷ್ಟೇ. ಟ್ರಾನ್ಸಿಸ್ಟರ್ ಆಂಪಿಗೆ ಹಚ್ಚಿದರೆ ಏನೂ ವ್ಯತ್ಯಾಸ ಕೇಳಿಸದು.

ಕಾಯಿಲ್ ಎಲ್ಲಿ ಸಿಗಬೇಕು? ಹೈದರಾಬಾದಿನ ಕೋಠಿಗೆ ರೈಲು ಹತ್ತಬೇಕೆಂದುಕೊಂಡಿದ್ದೆ. ಮನೆ ಹತ್ತಿರದ ಮೋಟಾರ್ ರಿವೈಂಡಿಂಗ್ ಅಂಗಡಿಯ ಹುಡುಗ ಅರ್ಧ ತಾಸಿನಲ್ಲಿ ಮಾಡಿಕೊಟ್ಟ. 25 ಮಿಲಿಮೀಟರಿನ ಕಂಡ್ಯೂಟ್ ಪೈಪಿನ ತುಂಡು, ಎರಡು ಕಡೆ ಪ್ಲೈವುಡ್ ಬಿಲ್ಲೆ, ನಡುವೆ 19 ಮಿಲಿಮೀಟರ್ ಜಾಗ, 18 ಗೇಜಿನ ತಾಮ್ರದ ವೈರು, 140 ಸುತ್ತು. ಕಾಯಿಲ್ ಅಳೆಯುವ ಎಲ್‌ಸಿಆರ್ ಮೀಟರ್ ಹಚ್ಚಿ ಎರಡು ಮೂರು ಸುತ್ತು ಬಿಚ್ಚಿದರೆ 0.5 ಬಂತು. ಬೋರ್‌ವೆಲ್ ಮೋಟಾರು ಸುತ್ತುವವನ ಕೈ, ಒಂದು ಎಳೆ ಇನ್ನೊಂದರ ಮೇಲೆ ಹತ್ತಿರಲಿಲ್ಲ. "ಇದು ಯಾವ ಪಂಪಿಂದ್ರಿ ಸರ್, ಇಷ್ಟ ಸಣ್ಣದು?" ಅಂದ. ಎರಡು ಸ್ಪೀಕರಿಗೂ ಸೇರಿ ಖರ್ಚು ಸಾವಿರದ ಐನೂರು ದಾಟಲಿಲ್ಲ.

ಇನ್ನು ಕೋಣೆಯ ಪಾಲು. ನಡುವೆ ನಿಂತು ಚಪ್ಪಾಳೆ ಹೊಡೆದರೆ ಬಾಲದಲ್ಲಿ ತಂತಿ ಮಿಡಿದಂತೆ ಝಣ್ ಎನ್ನುತ್ತಿತ್ತು. 11 ಅಡಿ ಅಂತರದ ಎರಡು ಬೋಳು ಗೋಡೆಗಳ ನಡುವೆ ಸದ್ದು ಸೆಕೆಂಡಿಗೆ ನೂರು ಸಲ ಬಡಿದಾಡುವ ಸದ್ದು ಅದು. ಕಾಲೇಜಿನ ಅಳತೆಯ ಮೈಕ್ ತಂದು, ರೂಮ್ ಇಕ್ಯೂ ವಿಜರ್ಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ನೋಡಿದಾಗ, ಸದ್ದು ಅಡಗಲು ಒಂದೂವರೆ ಸೆಕೆಂಡ್ ಬೇಕಾಗುತ್ತಿತ್ತು. ಹಾಡು ಕೇಳುವ ಇಷ್ಟು ಸಣ್ಣ ಕೋಣೆಗೆ ಅರ್ಧ ಸೆಕೆಂಡಿನ ಹತ್ತಿರ ಇದ್ದರೆ ಚೆಂದ. ಫರಸಿ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನುಂಗುತ್ತದೆ, ಉಳಿದದ್ದನ್ನು ವಾಪಸ್ ಕೊಡುತ್ತದೆ.

ಇಲ್ಲಿ ಕಾಕಾನ ಮೊದಲ ಮಾತು ನೆನಪಾಯಿತು. ಬೇಸಿಗೆಯಲ್ಲಿ ಯಾಕೆ ಚುಚ್ಚುತ್ತಿರಲಿಲ್ಲ? ಕೇಳಿದರೆ ಕಾಕಿ ಒಳಗಿನಿಂದಲೇ ಹೇಳಿದರು: "ಜೂನ್‌ದಾಗ ಮಗ ಎಸಿ ಕೂಡ್ಸಿದ. ಅವತ್ತಿಂದ ಕಿಟಕಿ ತಗದೇ ಇಲ್ಲ." ಎರಡು ಕಿಟಕಿ, ಒಂದೊಂದು ನಾಲ್ಕು ಅಡಿಗೆ ನಾಲ್ಕು ಅಡಿ, ಈಗ ಗ್ಲಾಸು ಜಾರಿಸಿ ಮುಚ್ಚಿದ್ದವು. 1895ರಲ್ಲಿ ಹಾರ್ವರ್ಡಿನ ವ್ಯಾಲೇಸ್ ಸಬೀನ್ ಕೋಣೆಯಲ್ಲಿ ಸದ್ದು ಅಡಗುವ ಲೆಕ್ಕ ಶುರು ಮಾಡಿದಾಗ ಹೀರಿಕೆಗೆ ಹಿಡಿದ ಅಳತೆಗೋಲೇ ತೆರೆದ ಕಿಟಕಿ, ಯಾಕೆಂದರೆ ಅದರೊಳಗೆ ಹೋದ ಸದ್ದು ಮರಳುವುದಿಲ್ಲ. ಅವನ ಸೂತ್ರವನ್ನೇ ಹಚ್ಚಿದೆ. 43 ಘನ ಮೀಟರಿನ ಕೋಣೆ, ಮೂರು ಚದರ ಮೀಟರ್ ಕಿಟಕಿ ತೆರೆದರೆ ಒಂದೂವರೆ ಸೆಕೆಂಡ್ 0.9ಕ್ಕೆ ಇಳಿಯುತ್ತದೆ. ಎಂಟು ವರ್ಷ ಓಡಿದ ವ್ಯವಸ್ಥೆ ಎಸಿ ಬಂದ ತಿಂಗಳು ಕೆಟ್ಟಿತ್ತು. ಕಾಕಾ ಅದನ್ನು ಜುಲೈನಲ್ಲೇ ತಮ್ಮ ಭಾಷೆಯಲ್ಲಿ ಹೇಳಿದ್ದರು.

ಸಬೀನ್ ಒಂದು ಥಿಯೇಟರಿನ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಪ್ರಯೋಗ ಮಾಡಿದ್ದ. ನಮಗೆ ಮೆತ್ತೆಯ ಬರವಿಲ್ಲ. ಯಾರೋ ಹೇಳಿದರೆಂದು ಕಾಕಾ ಮೊಟ್ಟೆಯ ಟ್ರೇ ಗೋಡೆಗೆ ಬಡಿಯೋಣ ಅಂದರು. ಅವು ತೆಳು ರಟ್ಟು, ನಮಗೆ ಬೇಕಾದ ಕೆಲಸಕ್ಕೆ ಬಾರವು ಎಂದು ನಾನು ವಿವರಿಸುವ ಮೊದಲೇ ಕಾಕಿ ತೀರ್ಪು ಕೊಟ್ಟರು: "ತತ್ತಿ ಟ್ರೇ ಈ ಮನ್ಯಾಗ ಬಂದ್ರ ನಾ ತವರಿಗಿ ಹೊಂಡ್ತೀನಿ." ಥರ್ಮಾಕೋಲಿಗೂ ಅದೇ ಗತಿ ಆಯಿತು, ಕಾರಣ ಬೇರೆ: ಅದರ ರಂಧ್ರಗಳು ಮುಚ್ಚಿದವು, ಗಾಳಿ ಒಳಗೆ ಹೋಗಿ ಉಜ್ಜಾಡಲು ದಾರಿಯಿಲ್ಲ.

ಮೊದಲ ಪ್ರಯತ್ನ ಅತಿಯಾಯಿತು. ಮನೆಯಲ್ಲಿದ್ದ ಗಾದಿಗಳನ್ನೆಲ್ಲ ಗೋಡೆಗೆ ಒರಗಿಸಿದೆವು, ನೆಲಕ್ಕೆ ಎರಡು ಜಮಖಾನ, ಮೇಲೊಂದು ಕಂಬಳಿ. ಚುಚ್ಚುವುದು ಹೋಯಿತು, ಜೊತೆಗೆ ತಾಳದ ಹೊಳಪೂ ಹೋಯಿತು, ತಂಬೂರಿಯ ಜವಾರಿಯೂ (ತಂತಿಯ ಗುಂಜನ) ಹೋಯಿತು. ತಬಲಾ ಜೋಡಿಯ ತಗ್ಗು ದನಿಯ ಡಗ್ಗಾ ಮಾತ್ರ ಗುಮ್ ಗುಮ್ ಎಂದು ದುಪ್ಪಟ್ಟಾಗಿ ಕೇಳಿತು. ಬಟ್ಟೆ, ಅರಳೆ ನುಂಗುವುದು ಎತ್ತರದ ಸ್ವರಗಳನ್ನೇ, ತಗ್ಗಿನವು ಅವುಗಳ ಮೈಮೇಲಿಂದ ದಾಟಿ ಹೋಗುತ್ತವೆ. "ಗಾದಿ ಅಂಗಡ್ಯಾಗ ಕುಂತಂಗ ಆಗ್ಯದ" ಎಂದು ಕಾಕಾ ಎದ್ದುಹೋದರು.

ಆಗ ಕಣ್ಣಿಗೆ ಬಿದ್ದದ್ದು ಕಾಕಿಯ ಟ್ರಂಕಿನ ಮೇಲಿನ ಕೌದಿಗಳು. ಹಳೆ ಸೀರೆ, ಧೋತರ ಪದರ ಪದರವಾಗಿಟ್ಟು ಕೈಯಲ್ಲಿ ಹೊಲಿದವು, ಅವರ ಅತ್ತೆ ಹೊಲಿದದ್ದೂ ಒಂದಿತ್ತು. ಗಾದಿಗಿಂತ ತೆಳು, ಪರದೆಗಿಂತ ದಪ್ಪ, ಗಾಳಿಯಾಡುವ ನೇಯ್ಗೆ. ಎಲ್ಲಿ ತೂಗಬೇಕೆಂಬುದಕ್ಕೆ ಕನ್ನಡಿ ಹಿಡಿದೆವು: ಕಾಕಾ ತಮ್ಮ ಜಾಗದಲ್ಲಿ ಕೂತರು, ನಾನು ಪಕ್ಕದ ಗೋಡೆಯ ಗುಂಟ ಕನ್ನಡಿ ಸರಿಸುತ್ತ ಹೋದೆ, ಅದರಲ್ಲಿ ಸ್ಪೀಕರ್ ಕಂಡಲ್ಲಿ ಸೀಮೆಸುಣ್ಣದ ಗುರುತು. ಸದ್ದು ಮೊದಲ ಸಲ ಬಡಿದು ಕಿವಿಗೆ ಬರುವ ಜಾಗ ಅದೇ.

ಗೋಡೆಗೆ ಅಂಟಿಸಿ ತೂಗಲಿಲ್ಲ. ಗೋಡೆಯ ಮೈಮೇಲೆ ಗಾಳಿ ಅಲುಗುವುದೇ ಇಲ್ಲ, ಬಟ್ಟೆಗೆ ಅಲ್ಲಿ ಕೆಲಸವಿಲ್ಲ. ಅಲೆಯ ಕಾಲು ಭಾಗದಷ್ಟು ದೂರದಲ್ಲಿ ಗಾಳಿಯ ಓಡಾಟ ಹೆಚ್ಚು. 2200 ಹರ್ಟ್ಸಿನ ಅಲೆಯ ಉದ್ದ ಸುಮಾರು 16 ಸೆಂಟಿಮೀಟರ್, ಕಾಲು ಭಾಗ ಅಂದರೆ 4. ಒಂದೂವರೆ ಇಂಚಿನ ಕಟ್ಟಿಗೆ ಪಟ್ಟಿ ಬಡಿದು ಅದರ ಮೇಲೆ ಇಳಿಬಿಟ್ಟರೆ ಹೆಚ್ಚುಕಡಿಮೆ ಅದೇ ಅಂತರ. ಬಿಗಿಯಾಗಿ ಎಳೆಯದೆ ನಿರಿಗೆ ಬಿಟ್ಟೆವು, ಅಂತರ ಒಂದೇ ಅಳತೆಯಾಗಿ ಉಳಿದರೆ ಅದರ ದುಪ್ಪಟ್ಟು ಸ್ವರದಲ್ಲಿ ಹೀರಿಕೆ ಕೈಕೊಡುತ್ತದೆ. ಎರಡು ಪಕ್ಕಕ್ಕೆ ಎರಡು, ಹಿಂದಿನ ಗೋಡೆಗೆ ಒಂದು. ಸ್ಪೀಕರಿನ ಮುಂದೆ ಫರಸಿಯ ಮೇಲೆ ಒಂದೇ ಜಮಖಾನ. ಹಿಂದಿನ ಮೂಲೆಗಳಲ್ಲಿ ಎರಡು ಗಾದಿ ಸುರುಳಿ ಮಾಡಿ ನಿಲ್ಲಿಸಿದ್ದು ಉಳಿಯಿತು, ಮಿಕ್ಕವು ಮಂಚಕ್ಕೆ ವಾಪಸ್.

ಅಳತೆಯಲ್ಲಿ ಮೊದಲು 2000ದಿಂದ 4000 ಹರ್ಟ್ಸಿನ ನಡುವೆ 5 ಡೆಸಿಬೆಲ್ಲಿನ ದಿಬ್ಬ ಇತ್ತು. ಕಾಯಿಲ್ ಜೋಡಣೆಯ ನಂತರ 3. ಕೌದಿಯ ನಂತರ ಒಂದೂವರೆ. ಸದ್ದು ಅಡಗುವುದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಆ ಒಂದೂವರೆಯನ್ನು ಹಾಗೇ ಬಿಟ್ಟೆ. ಮಾಳಿಗೆಯ ಮೇಲಿನ ಉಪ್ಪಿಲ್ಲದ ಬೇಳೆ ನೆನಪಿತ್ತು. ಇಷ್ಟೆಲ್ಲ ಯಾಕೆ, ಒಂದು ಈಕ್ವಲೈಸರ್ ಸಾಕಿತ್ತಲ್ಲ ಎಂದು ಲ್ಯಾಬಿನ ಸಹೋದ್ಯೋಗಿ ಕೇಳಿದರು. ಆಂಪಿನ ಪಾಲಿನ ಎರಡು ಡೆಸಿಬೆಲ್ಲಿಗೆ ನಿಜಕ್ಕೂ ಸಾಕಿತ್ತು. ಗೋಡೆಗಳ ನಡುವಿನ ಝಣಝಣವನ್ನು ಅದು ನಿಲ್ಲಿಸುವುದಿಲ್ಲ, ಒಟ್ಟು ಸದ್ದನ್ನೇ ತಗ್ಗಿಸಬೇಕಾಗುತ್ತಿತ್ತು, ಮತ್ತೆ ದನಿ ಮಂಕಾಗುತ್ತಿತ್ತು.

ಡಗ್ಗಾದ ಗುಮ್ ಪೂರ್ತಿ ಹೋಗಿಲ್ಲ. 14 ಅಡಿಯ ಉದ್ದಕ್ಕೆ 81 ಹರ್ಟ್ಸಿನಲ್ಲಿ ಒಂದು ನಿಂತ ಅಲೆ ಇದೆ. ಹಿಂದಿನ ಗೋಡೆಗೆ ತಲೆ ಆನಿಸಿ ಕೂತವರಿಗೆ ಅದು ಅತಿ ಹೆಚ್ಚು, ಗೋಡೆಯಿಂದ ಮೂರೂವರೆ ಅಡಿ ಮುಂದೆ ಬಂದರೆ ಇಲ್ಲವೇ ಇಲ್ಲ. ಸೋಫಾ ಅಷ್ಟು ಮುಂದೆ ತಂದರೆ ಅಡುಗೆಮನೆಗೆ ಹೋಗುವ ದಾರಿ ಅಡ್ಡ ಬೀಳುತ್ತದೆ. ಕಾಕಿಯೊಂದಿಗೆ ಮಾತುಕತೆಯಾಗಿ ಎರಡೂವರೆ ಅಡಿಗೆ ಒಪ್ಪಂದವಾಯಿತು. ಲೆಕ್ಕದ ಪ್ರಕಾರ ಅಷ್ಟಕ್ಕೇ ಏಳು ಡೆಸಿಬೆಲ್ ಇಳಿಯಬೇಕು, ಇಳಿದದ್ದು ನಾಲ್ಕೋ ಐದೋ. ಅರಳೆಯ ಗಾದಿಯಿಂದ 81 ಹರ್ಟ್ಸ್ ಹಿಡಿಯಬೇಕೆಂದರೆ ಅದರ ಕಾಲು ಅಲೆಯೇ ಒಂದು ಮೀಟರಿಗಿಂತ ಹೆಚ್ಚು. ಅಷ್ಟು ದಪ್ಪ ಗಾದಿಗೆ ಜಾಗ ಕೊಟ್ಟರೆ ಕಾಕಾ ಹೊರಗೆ ಕೂರಬೇಕು.

ಡಿಸೆಂಬರಿನಲ್ಲಿ ಒಂದು ರಾತ್ರಿ ಹತ್ತಕ್ಕೆ ಫೋನು. "ತಮ್ಮಾ, ಮತ್ತ ಸುರು ಆಗ್ಯದ. ಆ ಕಾಯಿಲ್ ಸುಟ್ಟದೇನು ನೋಡು."

"ಗ್ವಾಡಿ ಮ್ಯಾಲಿನ ಕೌದಿ ಎಲ್ಲಿ ಅವ್ರಿ ಕಾಕಾ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಪುಣೆದಿಂದ ಮೊಮ್ಮಕ್ಕಳು ಬಂದಾರ. ಥಂಡಿ ಭಾಳ ಅದಂತ ನಿಮ್ಮ ಕಾಕಿ ಮೂರೂ ತಗದು ಹೊಚ್ಚ್ಯಾಳ."

ಅವರು ಊರಿಗೆ ಹೋಗುವ ತನಕ ಕಿಟಕಿ ತೆಗೆದಿಡಿ ಅಂದೆ. ಆ ನಾಲ್ಕು ದಿನ ಕಾಕಾ ಎರಡೂ ಕಿಟಕಿ ತೆಗೆದು, ಮಫ್ಲರ್ ಸುತ್ತಿಕೊಂಡು, ಕಿವಿ ಮಾತ್ರ ಹೊರಗಿಟ್ಟುಕೊಂಡು ಭಜನೆ ಕೇಳಿದರಂತೆ.